ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಅಡುಗೆಮನೆಯ ಸಜ್ಜೆ ಮೇಲೆ ಒಂದು ಸ್ಟೀಲ್ ಡಬ್ಬಿ ಸುಮಾರು ಹನ್ನೊಂದು ತಿಂಗಳಿಂದ ಕೂತಿತ್ತು. ಅದು ನಮ್ಮದಲ್ಲ, ಮೇಲಿನ ಮನೆ ಆಂಟಿ ಕೊಟ್ಟಿದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕೆತ್ತಿದೆ, ಅದರ ಕೆಳಗೆ 1996 ಅಂತಿದೆ. ಆ ಹೆಸರು ಆಂಟಿಯದೂ ಅಲ್ಲ, ಅಂಕಲ್‌ದೂ ಅಲ್ಲ. ಯಾರೋ ನೆಂಟರು ಮದುವೆಗೆ ಕೊಟ್ಟಿರಬೇಕು ಅಂದುಕೊಂಡು ಸುಮ್ಮನಾಗಿದ್ದೆವು. ಈ ಸಲ ದಸರಾಗೆ ಮುಂಚೆ ಮನೆ ಧೂಳು ಹೊಡೆಯೋಕೆ ಅಂತ ಸ್ಟೂಲ್ ಹತ್ತಿದಾಗ ಕೈಗೆ ಸಿಕ್ಕಿತು. ಹೆಂಡತಿ ನನ್ನ ಮುಖ ನೋಡಿದಳು. ನೀನು ಕೊಟ್ಟಿದೀಯ ಅಂದ್ಕೊಂಡಿದ್ದೆ ಅಂದಳು. ನಾನೂ ಅದನ್ನೇ ಹೇಳುವವನಿದ್ದೆ.

ಇದರ ಹಿಂದೆ ಒಂದು ಕಥೆ ಇದೆ. 2024ರ ಶ್ರಾವಣದಲ್ಲಿ ನಮ್ಮಜ್ಜಿ ತೀರಿಕೊಂಡರು. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಒಂದು ವರ್ಷ ಹಬ್ಬ ಇಲ್ಲ, ಕರಿಯೋ ಬಾಣಲೆ ಇಡೋ ಹಾಗಿಲ್ಲ. ಗೌರಿ ಗಣೇಶ ಹೋಯಿತು, ದಸರಾ ಹೋಯಿತು, ದೀಪಾವಳಿ ಬಂತು. ಮಗಳಿಗೆ ಆಗ ಆರು ವರ್ಷ. ಮೆಟ್ಟಿಲ ಮೇಲೆ ಕೂತು ಪಕ್ಕದ ಮಕ್ಕಳು ಸುರುಸುರು ಬತ್ತಿ ಹಚ್ಚೋದನ್ನ ನೋಡ್ತಾ ಇದ್ದಳು. ಆಗ ಆಂಟಿ ಈ ಡಬ್ಬಿ ಹಿಡಿದು ಇಳಿದು ಬಂದರು. ಅವರು ವಿಜಯಪುರದ ಕಡೆಯವರು. "ನಿಮ್ಮನ್ಯಾಗ ಹಬ್ಬ ಇಲ್ಲಂತ ಗೊತ್ತೈತಿ. ನಮ್ಮನ್ಯಾಗ ಮಾಡೀವಿ. ಕೂಸು ತಿನ್ಲಿ" ಅಂದರು, ಕೊಟ್ಟರು, ಹೋದರು. ಒಳಗೆ ಕರ್ಚಿಕಾಯಿ, ಮೇಲೊಂದು ಪೇಪರ್ ಹಾಕಿ ನಾಲ್ಕು ಶೇಂಗಾ ಹೋಳಿಗೆ. ಎರಡು ದಿನದಲ್ಲಿ ಖಾಲಿ.

ಡಬ್ಬಿ ತೊಳೆದು ಇಟ್ಟೆವು. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ವಾ, ಏನಾದ್ರೂ ಹಾಕಿ ಕೊಡೋಣ ಅಂತ. ನಮ್ಮ ಮನೆಯಲ್ಲಿ ಹಬ್ಬದಡುಗೆ ಇಲ್ಲ, ಬೇಕರಿಯಿಂದ ತಂದು ಹಾಕೋಕೆ ಮನಸ್ಸಿಲ್ಲ. ಹಾಗೇ ಸಜ್ಜೆ ಸೇರಿತು. ಆಮೇಲೆ ಮರೆತೇ ಹೋಯಿತು.

ಇನ್ನೊಂದು ಕಡೆಯಿಂದ, ನಾನು ಕೃತಜ್ಞತೆ ಬರೆಯೋಕೆ ಹೊರಟ ನೋಟ್‌ಬುಕ್ಕಿನ ಕಥೆ. ನಾನು ಕೆಲಸ ಮಾಡೋ ಕಂಪನಿಯ ಹೆಡ್ ಆಫೀಸ್ ಅಮೆರಿಕದಲ್ಲಿದೆ. ಅಲ್ಲಿ ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಹಬ್ಬದ ಸೀಸನ್. ಹಾಗಾಗಿ ಪ್ರತಿ ನವೆಂಬರ್‌ಗೆ ಎಚ್‌ಆರ್‌ನಿಂದ ಒಂದು ಮೇಲ್ ಬರುತ್ತದೆ: ಮೂವತ್ತು ದಿನ, ದಿನಕ್ಕೊಂದು ಕೃತಜ್ಞತೆ, ಎಲ್ಲರಿಗೂ ಕಾಣೋ ಬೋರ್ಡ್ ಮೇಲೆ ಬರೆಯಬೇಕು. ಹೋದ ವರ್ಷ ನಾನೂ ಬರೆದೆ. ನನ್ನ ಟೀಮ್, ನನ್ನ ಮ್ಯಾನೇಜರ್. ಎಲ್ಲರೂ ಮ್ಯಾನೇಜರ್ ಅಂತಲೇ ಬರೆದಿದ್ದರು, ಯಾಕಂದ್ರೆ ಮ್ಯಾನೇಜರ್ ಓದ್ತಾ ಇದ್ದರು. ಈ ವರ್ಷ ಟೀ ಕುಡಿಯುವಾಗ ಒಬ್ಬ ಸ್ನೇಹಿತ, ತಮಾಷೆ ಬಿಡು, ಯಾರಿಗೂ ತೋರಿಸದೆ ಬರೆದು ನೋಡು, ನಿದ್ದೆ ಚೆನ್ನಾಗಿ ಬರುತ್ತೆ ಅಂದ. ಅಜ್ಜಿ ಹೋದ ಮೇಲೆ ನಿದ್ದೆ ಸರಿ ಇರಲಿಲ್ಲ ಅನ್ನೋದು ಅವನಿಗೆ ಗೊತ್ತಿತ್ತು.

ಬರೆಯೋ ಮುಂಚೆ ಸ್ವಲ್ಪ ಓದಿದೆ. ಈ ಕೃತಜ್ಞತೆಯ ಡೈರಿಗೆ ಹೆಸರು ಬಂದಿದ್ದು ಮುಖ್ಯವಾಗಿ 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಿಂದ. ಅದರಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಹತ್ತು ವಾರ, ವಾರಕ್ಕೊಮ್ಮೆ, ಒಳ್ಳೆಯದು ಅನ್ನಿಸಿದ ಐದು ವಿಷಯ ಬರೆದರು. ಇನ್ನೊಂದು ಗುಂಪು ಕಿರಿಕಿರಿಗಳನ್ನ ಬರೆಯಿತು. ಮೊದಲ ಗುಂಪಿನವರ ಮನಸ್ಸು ಹೆಚ್ಚು ಹಗುರವಾಗಿತ್ತು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಯವರು ರಾತ್ರಿ ಮಲಗೋ ಮುಂಚೆ ಮೂರು ಒಳ್ಳೆಯ ಸಂಗತಿ ಬರೆಸಿದರು, ಜೊತೆಗೆ ಅದು ಯಾಕೆ ಆಯಿತು ಅಂತಲೂ ಬರೆಸಿದರು. ನನಗೆ ನಗು ಬಂದಿದ್ದು ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಅಧ್ಯಯನ ಓದಿ. ವಾರಕ್ಕೆ ಒಂದು ಸಲ ಬರೆದವರಿಗೆ ಉಪಯೋಗ ಆಯಿತಂತೆ, ಮೂರು ಸಲ ಬರೆದವರಿಗೆ ಆಗಲಿಲ್ಲವಂತೆ. ಅಂದ್ರೆ ಇದೂ ಉಪ್ಪಿಟ್ಟಿನ ಥರ, ದಿನಾ ಮಾಡಿದರೆ ತಟ್ಟೆ ತಳ್ಳುತ್ತಾರೆ.

ಆದರೂ ದಿನಾನೇ ಬರೆಯೋಣ ಅಂದುಕೊಂಡೆ. ನವೆಂಬರ್‌ವರೆಗೆ ಯಾಕೆ ಕಾಯಬೇಕು, ನಮ್ಮ ಸೀಸನ್ ಇರೋದೇ ದಸರಾದಿಂದ ದೀಪಾವಳಿವರೆಗೆ. ಈ ಸಲ, ಅಂದ್ರೆ 2025ರಲ್ಲಿ, ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು, ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ. ಲೆಕ್ಕ ಹಾಕಿದರೆ ಸರಿಯಾಗಿ 31 ದಿನ. ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ್ದನ್ನ ಬೆಳಿಗ್ಗೆ ಟಿವಿಯಲ್ಲಿ ನೋಡಿ, ರಾತ್ರಿ ಮಗಳ ಹಳೇ ಎರಡು ಗೆರೆ ಕಾಪಿಯಲ್ಲಿ ಮೊದಲ ಪುಟ ಬರೆದೆ.

ಬರೆದಿದ್ದು ಏನು ಅಂತೀರಾ? ಆರೋಗ್ಯ. ಮನೆ. ಕೆಲಸ.

ಎರಡನೇ ದಿನ: ಹೆಂಡತಿ ಮಗಳು, ಆರೋಗ್ಯ, ಮಳೆ. ಮೂರನೇ ದಿನ: ಕೆಲಸ, ಮನೆ, ಕಾಫಿ. ನಾಲ್ಕನೇ ದಿನಕ್ಕೆ ಅದು ಶಾಲೆಯ ಹಾಜರಿ ಪುಸ್ತಕದ ಥರ ಕಾಣೋಕೆ ಶುರುವಾಯಿತು. ಎಲ್ಲರೂ ಬಂದಿದ್ದಾರೆ ಸರ್. ನಿದ್ದೆಯೂ ಅಷ್ಟಕ್ಕಷ್ಟೇ.

ಭಾಷೆಯ ತೊಂದರೆ ಬೇರೆ. ಕನ್ನಡದಲ್ಲಿ ಇದನ್ನ ಬರೆಯೋಕೆ ಕೂತರೆ ಪದ ಸಿಗೋದಿಲ್ಲ. ಧನ್ಯವಾದ ಅನ್ನೋದು ಮೈಕ್ ಮುಂದಿನ ಪದ. ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಅಂತ ಒಬ್ಬರು ಎದ್ದು ನಿಂತರೆ ಜನ ಚಪ್ಪಲಿ ಹುಡುಕೋಕೆ ಶುರು ಮಾಡ್ತಾರಲ್ಲ, ಆ ಧನ್ಯವಾದ. ಮನೆಯಲ್ಲಿ ಯಾರು ಯಾರಿಗೆ ಹೇಳಿದ್ದಾರೆ? ನಮ್ಮಪ್ಪ ಅಮ್ಮನಿಗೆ ಧನ್ಯವಾದ ಅಂದಿದ್ದರೆ ಊರಿಗೆ ಊರೇ ಒಂದು ವಾರ ಮಾತಾಡ್ತಿತ್ತು. ಹಾಗಂತ ಉಪಕಾರ ನೆನೆಯದ ಜನ ಅಲ್ಲ ನಾವು. ಬಾಯಾರಿ ಬಂದವರು ನೀರು ಕುಡಿದು "ನಿನ್ ಹೊಟ್ಟೆ ತಣ್ಣಗಿರ್ಲಿ" ಅಂತಾರೆ. ಆಸ್ಪತ್ರೆಗೆ ಕರಕೊಂಡು ಹೋದವರಿಗೆ "ಪುಣ್ಯಾತ್ಮ, ನಿನ್ ಋಣ ಹೆಂಗಪ್ಪಾ ತೀರಿಸ್ಲಿ" ಅಂತಾರೆ. ಅಜ್ಜಿಯ ಬಾಯಲ್ಲಿ ಯಾವಾಗಲೂ ಒಂದೇ ಗಾದೆ: ಉಪ್ಪಿಕ್ಕಿದವರನ್ನ ಮುಪ್ಪಿನ ತನಕ ನೆನೆ. ಗಮನಿಸಿ ನೋಡಿ, ಇದರಲ್ಲಿ ಯಾವುದೂ ನನಗೆ ಒಳ್ಳೇದನಿಸ್ತು ಅನ್ನೋದಿಲ್ಲ. ಒಂದೋ ಎದುರಿನವರಿಗೆ ಹರಸ್ತೀವಿ, ಇಲ್ಲಾ ಸಾಲ ಇದೆ ಅಂತ ಒಪ್ಪಿಕೊಳ್ತೀವಿ. ಎರಡಕ್ಕೂ ಎದುರಿಗೆ ಒಬ್ಬರು ಬೇಕು. ನನ್ನ ಕಾಪಿಯಲ್ಲಿ ಎದುರಿಗೆ ಯಾರೂ ಇರಲಿಲ್ಲ.

ಆರನೇ ದಿನ ನಿಯಮ ಬದಲಾಯಿಸಿದೆ. ಮೂರು ಬೇಡ, ಒಂದೇ ಸಾಕು. ಆದರೆ ಯಾರಿಗೆ ಅಂತ ಬರೆಯಬೇಕು, ಅವರಿಗೆ ಏನು ಮಾಡ್ತೀನಿ ಅಂತಲೂ ಬರೆಯಬೇಕು. ಮೊದಲ ಸಾಲು ಬರೆದಿದ್ದು ಡಬ್ಬಿ ಬಗ್ಗೆ. ಮೇಲಿನ ಮನೆ ಆಂಟಿ. ಡಬ್ಬಿ ತುಂಬಿಸಿ ಕೊಡೋದು.

ಅಕ್ಟೋಬರ್ 1ಕ್ಕೆ ಆಯುಧಪೂಜೆ. ಬೆಂಗಳೂರಿನಲ್ಲಿ ಈ ಹಬ್ಬ ಬೀದಿಯಲ್ಲೇ ನಡೆಯೋದು. ನಮ್ಮ ರಸ್ತೆಯ ಗ್ಯಾರೇಜಿನ ಹುಡುಗರು ಸ್ಪ್ಯಾನರ್‌ಗಳನ್ನ ಸೀಮೆಎಣ್ಣೆಯಲ್ಲಿ ತಿಕ್ಕಿ, ಸೈಜ್ ಪ್ರಕಾರ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು. ವರ್ಷವಿಡೀ ಆ ಸ್ಪ್ಯಾನರ್‌ಗಳ ನಿಜವಾದ ಬಣ್ಣ ಯಾರಿಗೂ ಕಾಣೋದಿಲ್ಲ. ಆಟೋಗಳಿಗೆ ಬಾಳೆಕಂದು, ರಸ್ತೆ ತುಂಬಾ ಒಡೆದ ಬೂದುಗುಂಬಳ. (ಅದರ ಮೇಲೆ ಗಾಡಿ ಜಾರಿ ಬಿದ್ದವರನ್ನ ಪ್ರತಿ ವರ್ಷ ನೋಡ್ತೀನಿ. ಒಡೆದವರು ಒಂದು ನಿಮಿಷ ಬದಿಗೆ ಸರಿಸಿದರೆ ಏನು ಗಂಟು ಹೋಗುತ್ತೋ.) ನಮ್ಮ ಮನೆಯಲ್ಲಿ ಸ್ಕೂಟರ್, ಮಿಕ್ಸಿ, ಈಳಿಗೆ ಮಣೆ, ನನ್ನ ಲ್ಯಾಪ್‌ಟಾಪ್ ಎಲ್ಲವನ್ನೂ ಜೋಡಿಸಿದ್ದೆವು. ಮಗಳು ತನ್ನ ಪೆನ್ಸಿಲ್ ಮೆಂಡರ್ ಇಟ್ಟಳು, ಟಿವಿ ರಿಮೋಟ್ ಇಟ್ಟಳು, ಲಟ್ಟಣಿಗೆಯನ್ನೂ ಬಿಡಲಿಲ್ಲ. ಈಳಿಗೆ ಮಣೆ ಪೂಜೆಗೆ ಕೂತಿದ್ದರಿಂದ ಮಧ್ಯಾಹ್ನಕ್ಕೆ ಹೆಚ್ಚೋ ಹಾಗಿಲ್ಲ, ಹಿಂದಿನ ದಿನವೇ ಹೆಚ್ಚಿಟ್ಟ ತರಕಾರಿಯ ಸಾಂಬಾರು.

ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಫೋನ್. ಏನೋ ನಿಂತು ಹೋಗಿದೆ, ಹತ್ತೇ ನಿಮಿಷ ಬಾ ಅಂತ. ಸೇವಂತಿಗೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆಗೆದೆ. ಹತ್ತು ನಿಮಿಷ ಅಂದಿದ್ದು ಎರಡು ಗಂಟೆ ಆಯಿತು. ಕುಂಕುಮದ ಪುಡಿ ಸ್ಪೇಸ್ ಬಾರ್ ಕೆಳಗೆ ಸೇರಿ ಇವತ್ತಿಗೂ ಅದು ಕರಕರ ಅನ್ನುತ್ತೆ. ಅದೇ ಹೊತ್ತಿಗೆ ಅಮ್ಮ ಊರಿಂದ ಫೋನ್ ಮಾಡಿದ್ದರು. ವಿಷಯ ಹೇಳಿದೆ. "ಒಂದಿನ ಅದನ್ನಾದ್ರೂ ಸುಮ್ನೆ ಬಿಡಬಾರದನೋ" ಅಂದರು. ನಾನು ಇಷ್ಟು ವರ್ಷ ಆಯುಧಪೂಜೆ ಅಂದ್ರೆ ಹೂವು ಕುಂಕುಮ ಅಂದುಕೊಂಡಿದ್ದೆ. ಅಮ್ಮನ ಲೆಕ್ಕದಲ್ಲಿ ಅದು ರಜೆ. ಅಪ್ಪ ಹಾರೆ, ಗುದ್ದಲಿ, ಕತ್ತಿ ತೊಳೆದು ಒರಗಿಸಿಟ್ಟರೆ ಆ ದಿನ ಅವನ್ನ ಯಾರೂ ಮುಟ್ಟುತ್ತಿರಲಿಲ್ಲ. ಅವತ್ತು ಕಾಪಿಯಲ್ಲಿ ಬರೆದೆ: ಲ್ಯಾಪ್‌ಟಾಪ್, ಏಳು ವರ್ಷ, ಒಂದು ದಿನ ರಜೆ ಬಾಕಿ.

ಮಾರನೇ ದಿನ ವಿಜಯದಶಮಿ. ಸಂಜೆ ಆಂಟಿ ಬನ್ನಿ ಹಿಡಿದು ಬಂದರು. ಅವರ ತಮ್ಮ ಊರಿಂದ ಬರೋ ಬಸ್ಸಿನಲ್ಲಿ ಕಳಿಸಿದ್ದಂತೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ" ಅಂತ ನಮ್ಮಿಬ್ಬರ ಕೈಗೂ ನಾಲ್ಕು ಎಲೆ ಹಾಕಿದರು. ಅವರ ಕಡೆ ಇವತ್ತು ಮಾತು ಬಿಟ್ಟವರೂ ಬನ್ನಿ ಕೊಟ್ಟು ಮಾತಾಡ್ತಾರೆ, ಚಿಕ್ಕವರು ದೊಡ್ಡವರ ಕಾಲಿಗೆ ಬೀಳ್ತಾರೆ. ನಾವು ಬಿದ್ದೆವು. ಎದ್ದು ನಿಲ್ಲೋ ಅಷ್ಟರಲ್ಲಿ ಮಗಳು "ಆಂಟಿ, ನಿಮ್ ಡಬ್ಬಿ ನಮ್ ಮನೇಲೇ ಇದೆ, ಅಪ್ಪ ಅದನ್ನ ಕಾಪೀಲಿ ಬರ್ದಿದಾರೆ" ಅಂದುಬಿಟ್ಟಳು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆಂಟಿ ನಕ್ಕು, "ಇರ್ಲಿ ಬಿಡ ತಂಗಿ, ಅದೆಲ್ಲಿ ಓಡಿ ಹೊಕ್ಕೈತಿ" ಅಂದರು.

ದಸರಾ ಮುಗಿದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಸೀಗೆ ಹುಣ್ಣಿಮೆ ಅಂದರೂ ಅದೇ. ನಮ್ಮೂರು ಸಾಗರ ಸೊರಬದ ನಡುವೆ ಇದೆ. ಅಲ್ಲಿ ಈ ಹಬ್ಬ ದೀಪಾವಳಿಗಿಂತ ಒಂದು ತೂಕ ಕಡಿಮೆಯಿಲ್ಲ. ವಾಲ್ಮೀಕಿ ಜಯಂತಿ ಅಂತ ಸರ್ಕಾರಿ ರಜೆ ಇತ್ತು, ನಮ್ಮ ಕಂಪನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಎರಡು ದಿನ ರಜೆ ಹಾಕಿ ಭಾನುವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆವು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಹೊತ್ತಿಗೆ ನಮ್ಮ ಕಡೆ ಭತ್ತ ಹೊಡೆಗೆ ಬಂದಿರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದಲ್ಲ, ಅವಳಿಗೆ ಬೇಕಾದ್ದನ್ನೆಲ್ಲ ಮಾಡಿ ಹೊಲಕ್ಕೆ ಒಯ್ದು ಬಡಿಸುವ ಹಬ್ಬ ಇದು. ಭೂಮಣ್ಣಿ ಬುಟ್ಟಿ ಅಂತ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಕೂದಲೆಳೆಯಷ್ಟು ಸಣ್ಣ ಗೆರೆ. ಭತ್ತದ ಸಸಿ, ಏಣಿ, ಒಂದರ ಪಕ್ಕ ಒಂದು. ನಮ್ಮ ಮನೆಯಲ್ಲಿ ಅದನ್ನ ಬರೆಯುತ್ತಿದ್ದದ್ದು ಅಜ್ಜಿ. ತೊಂಬತ್ತರ ಹತ್ತಿರ ಬಂದರೂ ಕೈ ನಡುಗುತ್ತಿರಲಿಲ್ಲ. ಈ ವರ್ಷ ಅತ್ತಿಗೆ ಬರೆದಿದ್ದರು. ಏಣಿ ಸ್ವಲ್ಪ ಸೊಟ್ಟ ಆಗಿತ್ತು. ಯಾರೂ ಏನೂ ಅನ್ನಲಿಲ್ಲ. ಅತ್ತಿಗೆ ಸರ್ಕಾರಿ ಶಾಲೆ ಟೀಚರ್, ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಅಂತ ಮನೆ ಮನೆ ಸುತ್ತಿ, ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಇಳಿದು, ರಾತ್ರಿ ಕೂತು ಈ ಬುಟ್ಟಿ ಬರೆದಿದ್ದರು. ಏಣಿ ಸೊಟ್ಟ ಆಗದೆ ಇನ್ನೇನು?

ನನಗೆ ಈ ಹಬ್ಬ ಅಂದ್ರೆ ಬೆಳಗಿನ ಜಾವ. ಕತ್ತಲಿರುವಾಗಲೇ ಗಂಡಸರು ಎದ್ದು, ದೊಂದಿ ಹಿಡಿದು, ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಬೇಯಿಸಿದ ಸೊಪ್ಪಿನ ಎಡೆ, ಬೀರುವುದು. ಚಳಿ, ಇಬ್ಬನಿ, ಭೂಮಿತಾಯಿ ಉಂಡು ಹೋಗಲಿ ಅಂತ ಕೂಗು. ಒಂದು ಗದ್ದೆಯ ಕೂಗಿಗೆ ದೂರದ ಇನ್ನೊಂದು ಗದ್ದೆಯಿಂದ ಕೂಗು. ಚಿಕ್ಕವನಿದ್ದಾಗಿನಿಂದ ನನ್ನ ನೆನಪಿನಲ್ಲಿ ಹಬ್ಬ ಅಲ್ಲಿಂದಲೇ ಶುರುವಾಗುತ್ತಿತ್ತು. ಅದಕ್ಕಿಂತ ಮುಂಚೆ ಆ ಬುಟ್ಟಿ ತುಂಬಿದ್ದು ಹೇಗೆ ಅಂತ ಒಂದು ದಿನವೂ ನೋಡಿರಲಿಲ್ಲ. ಈ ಸಲ ನಿದ್ದೆ ಬರದೆ ಒಂದು ಗಂಟೆಗೆ ಎದ್ದವನು ಅಡುಗೆಮನೆಗೆ ಹೋದೆ.

ಅಮ್ಮ, ಚಿಕ್ಕಮ್ಮ, ಅತ್ತಿಗೆ, ನನ್ನ ಹೆಂಡತಿ. ನಾಲ್ಕು ಜನ, ಎರಡು ಒಲೆ. ಒಂದರ ಮೇಲೆ ಚರಗದ ಸೊಪ್ಪು ಬೇಯುತ್ತಿತ್ತು. ಹತ್ತಾರು ಥರದ ಬೆರಕೆ ಸೊಪ್ಪು, ಜೊತೆಗೆ ಅಮಟೆಕಾಯಿ, ಹಾಗಲಕಾಯಿ. ಇನ್ನೊಂದರ ಮೇಲೆ ಕೊಟ್ಟೆ ಕಡುಬು. ಚಿಕ್ಕಮ್ಮ ಹಲಸಿನೆಲೆಯ ಕೊಟ್ಟೆ ಕಟ್ಟುತ್ತಿದ್ದರು. ನಾಲ್ಕು ಎಲೆ ಜೋಡಿಸಿ, ಕಡ್ಡಿ ಚುಚ್ಚಿ, ಬೆರಳಲ್ಲಿ ತಳ ಒತ್ತಿ ಪಕ್ಕಕ್ಕೆ ಇಡೋದು. ನೋಡದೇ ಮಾಡುತ್ತಿದ್ದರು. ನಾನೂ ಒಂದು ಕಟ್ಟಿದೆ. ಹಿಟ್ಟು ಹುಯ್ದ ತಕ್ಷಣ ಕೆಳಗಿಂದ ಸೋರಿತು. ಎರಡನೇದು ಕಟ್ಟಿದೆ, ಅದೂ ಸೋರಿತು. "ನೀನು ಸೌತೆಕಾಯಿ ತುರಿ, ಸಾಕು" ಅಂದರು ಚಿಕ್ಕಮ್ಮ. ತುರಿದೆ. ಸೌತೆಕಾಯಿ ಕಡುಬಿಗೆ ಎಷ್ಟು ಸೌತೆಕಾಯಿ ಬೇಕು ಅನ್ನೋದು ನನಗೆ ನಲವತ್ತರ ಹತ್ತಿರ ಬಂದಾಗ ಗೊತ್ತಾಯಿತು. ಅಮ್ಮ ಹಿಂದಿನ ದಿನ ಬೆಳಿಗ್ಗೆಯಿಂದ ಮಲಗಿರಲಿಲ್ಲ. ಮೂರೂವರೆ ಹೊತ್ತಿಗೆ ಒಮ್ಮೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು, ಐದು ನಿಮಿಷ ಆಗಿರಬೇಕು, ಅಷ್ಟರಲ್ಲಿ ಅಪ್ಪ ಹೊರಗಿನಿಂದ "ಆಯ್ತಾ?" ಅಂತ ಕೂಗಿದರು.

ಇಷ್ಟು ವರ್ಷ ಆ ಆಯ್ತಾ ಅನ್ನೋರ ಗುಂಪಿನಲ್ಲಿ ನಾನೂ ಇದ್ದೆ. ಭೂಮಿತಾಯಿಗೆ ಎಡೆ ಇದೆ. ಕಾಗೆಗೆ ಒಂದು ಪಾಲು, ಬೆಳೆ ತಿನ್ನೋ ಇಲಿಗೂ ಒಂದು ಪಾಲು. ಗದ್ದೆ ಮಣ್ಣಲ್ಲಿ ಹೂಳೋಕೂ ಒಂದು ಕಡುಬು. ಒಲೆ ಮುಂದೆ ಕೂತವರ ನೆನಪು ಮಾತ್ರ ಯಾರಿಗೂ ಇಲ್ಲ. ಹಬ್ಬ ಚೆನ್ನಾಗಿದೆ ಅಂತ ಫೋಟೋ ಹಾಕೋದು ನಾವು, ಬೆನ್ನು ನೋವು ಅವರಿಗೆ.

ಗದ್ದೆಯಲ್ಲಿ ಪೂಜೆ ಆಯಿತು, ಎಲ್ಲರೂ ಬದುವಿನ ಮೇಲೆ ಕೂತು ಊಟ ಮಾಡಿದೆವು. ವಾಪಸ್ ಬಂದ ಮೇಲೆ ಅಮ್ಮ ಪಾತ್ರೆ ತೊಳೆಯೋ ಕಡೆ ಹೋದರು. ಹಿಂದೆ ಹೋಗಿ ನಿಂತೆ. ಕಾಪಿಯಲ್ಲಿ ಬರೆದಿದ್ದು ಹೇಳಲೇಬೇಕಲ್ಲ. "ಅಮ್ಮ, ಥ್ಯಾಂಕ್ಸ್" ಅಂದೆ. ಅಮ್ಮ ತಿರುಗಿ ನೋಡಿದರು. ಒದ್ದೆ ಕೈಯ ಹಿಂಭಾಗವನ್ನ ನನ್ನ ಹಣೆ ಮೇಲಿಟ್ಟು, "ಎಂತ ಆತೋ ನಿಂಗೆ? ಜ್ವರ ಬಂದೈತನೋ?" ಅಂದರು. ಅತ್ತಿಗೆ ನಕ್ಕಿದ್ದು ಅಂಗಳಕ್ಕೆಲ್ಲ ಕೇಳಿಸಿತು. ನಾನು ಸುಮ್ಮನೆ ಬೂದಿ ತಗೊಂಡು ಚರಗದ ದೊಡ್ಡ ಪಾತ್ರೆಯ ಒಳಗೆ ತಲೆ ಹಾಕಿದೆ. ತಳ ಹಿಡಿದಿತ್ತು. ಅರ್ಧ ಗಂಟೆ ತಿಕ್ಕಿದೆ. ಅಮ್ಮ ಬೇಡ ಅಂತ ಒಂದು ಸಲ ಅಂದರು, ಎರಡನೇ ಸಲ ಅನ್ನಲಿಲ್ಲ, ಒಳಗೆ ಹೋಗಿ ಮಲಗಿದರು.

ಅವತ್ತು ಮಧ್ಯಾಹ್ನ ನನಗೂ ಒಳ್ಳೆ ನಿದ್ದೆ ಬಂತು. ಅದು ಡೈರಿಯ ಪ್ರಭಾವವೋ ಕಡುಬಿನ ಪ್ರಭಾವವೋ, ಸೆಲಿಗ್ಮನ್ ಅವರನ್ನೇ ಕೇಳಬೇಕು.

ಬೆಂಗಳೂರಿಗೆ ಬಂದ ಮೇಲೆ ನಾಲ್ಕೈದು ದಿನ ಕಾಪಿ ಖಾಲಿ. ಆಫೀಸಿನಲ್ಲಿ ಒಳ್ಳೆ ಸ್ನೇಹಿತನೊಬ್ಬನ ಕೆಲಸ ಹೋಯಿತು. ಅವನು ಬ್ಯಾಗ್ ಎತ್ತಿಕೊಂಡು ಹೋದ ದಿನ ನನ್ನ ಕೆಲಸ ಉಳಿದಿದೆಯಲ್ಲ ಪುಣ್ಯ ಅಂತ ಬರೆಯೋಕೆ ಪೆನ್ ಎತ್ತಿ, ಅಸಹ್ಯವಾಗಿ, ಹಾಗೇ ಇಟ್ಟೆ. ಇನ್ನೊಬ್ಬರ ಕಷ್ಟ ನೋಡಿ ನಾನು ಬಚಾವ್ ಅನ್ನೋದಕ್ಕೆ ಬೇರೆ ಹೆಸರಿದೆ. ಬರೆಯಲೇಬೇಕು ಅಂತ ಹಠ ಮಾಡೋದು, ಅದಕ್ಕಿಂತ ಜಾಸ್ತಿ ಇನ್ನೊಬ್ಬರಿಗೆ ಇದನ್ನ ಹೇಳೋದು, ನನಗೆ ಆಗಿ ಬರೋದಿಲ್ಲ. ಅಜ್ಜಿ ಹೋದಾಗ ಒಬ್ಬರು ಬಂದು, "ತುಂಬು ಜೀವನ, ನರಳಲಿಲ್ಲ, ಖುಷಿ ಪಡಿ" ಅಂದಿದ್ದರು. ಮಾತು ಸುಳ್ಳಲ್ಲ. ಆದರೆ ಅವತ್ತು ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆಂಟಿ ಅಂಥದ್ದೇನೂ ಹೇಳಿರಲಿಲ್ಲ. ಕರ್ಚಿಕಾಯಿ ಕೊಟ್ಟಿದ್ದರು, ಅಷ್ಟೇ. ಸ್ನೇಹಿತನಿಗೆ ಮೆಸೇಜ್ ಹಾಕೋದು ಬಿಟ್ಟು ಭಾನುವಾರ ಅವನ ಮನೆಗೇ ಹೋದೆ. ರೆಸ್ಯೂಮೆ ತಿದ್ದಿದೆವು, ಕ್ರಿಕೆಟ್ ನೋಡಿದೆವು.

ಅಕ್ಟೋಬರ್ 19ರ ಸಂಜೆ ನೀರು ತುಂಬೋ ಹಬ್ಬ. ಊರಿನಲ್ಲಾದರೆ ಹಂಡೆ ತಿಕ್ಕಿ, ಕೆಮ್ಮಣ್ಣು ಸುಣ್ಣ ಬರೆದು, ಕಂಠಕ್ಕೆ ಮಾಲಿಂಗನ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬಿಸಬೇಕು. ಇಲ್ಲಿ ಬಾತ್‌ರೂಮಿನ ಗೀಸರ್‌ಗೆ ಮಗಳು ಚೆಂಡುಹೂ ಸಿಕ್ಕಿಸಿದಳು. ಇದಕ್ಕೆಲ್ಲ ನೀರು ಎಲ್ಲಿಂದ ಬರುತ್ತೆ ಅಂತ ಅವಳು ಕೇಳಿದಾಗ ಗೂಗಲ್ ಮ್ಯಾಪ್ ತೋರಿಸಿದೆ. ಕಾವೇರಿ ನೀರು ಪಂಪ್ ಮಾಡೋ ಟಿ.ಕೆ. ಹಳ್ಳಿ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ ಎತ್ತಿ ತರ್ತಾರೆ ಅಂದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು, ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹುಯ್ದ ನೆನಪು ಅವಳಿಗೂ ಇದೆ. ಈ ವರ್ಷ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿ, ಮುಖ್ಯಮಂತ್ರಿ ಬಾಗಿನ ಬಿಟ್ಟರು. ನನಗೆ ಆ ಪದ್ಧತಿ ಇಷ್ಟ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ತವರಿಂದ ಮಗಳಿಗೆ ಕೊಡೋ ಹಾಗೆ ನದಿಗೆ ಕೊಡೋದು.

ಕಾವೇರಿಗೆ ಕೊಡೋರು ಕೊಟ್ಟರು, ನಮ್ಮ ರಸ್ತೆಗೆ ನೀರು ಬಿಡೋ ಅಣ್ಣನಿಗೆ ಯಾರು ಕೊಡ್ತಾರೆ? ದಿನ ಬಿಟ್ಟು ದಿನ ಬೆಳಿಗ್ಗೆ ಐದಕ್ಕೆ ಟಿವಿಎಸ್‌ನಲ್ಲಿ ಬಂದು, ಉದ್ದ ಕಬ್ಬಿಣದ ಕೀ ಹಾಕಿ, ರಸ್ತೆ ನಡುವಿನ ವಾಲ್ವ್ ತಿರುಗಿಸಿ ಹೋಗ್ತಾರೆ. ಎಂಟು ವರ್ಷದಲ್ಲಿ ಅವರ ಮುಖ ಸರಿಯಾಗಿ ನೋಡಿರಲಿಲ್ಲ. ಸ್ವೀಟ್ ಬಾಕ್ಸ್ ಹಿಡಿದು ಗೇಟಿನಲ್ಲಿ ನಿಂತೆ. ಅವರು ಬಾಕ್ಸ್ ನೋಡಿದರು, ನನ್ನ ನೋಡಿದರು. "ಏನ್ ಸಾರ್, ಲೈನ್ ಏನಾದ್ರೂ ಶಿಫ್ಟ್ ಮಾಡ್ಬೇಕಾ? ಅದು ನನ್ ಕೈಲಿಲ್ಲ, ಎಂಜಿನಿಯರ್‌ನ ಕೇಳ್ಬೇಕು" ಅಂದರು. ಏನೂ ಬೇಡ, ಹಬ್ಬಕ್ಕೆ ಅಂತ ಹೇಳಿ ಒಪ್ಪಿಸೋಕೆ ಐದು ನಿಮಿಷ ಹಿಡಿಯಿತು. ಇವತ್ತಿಗೂ ಪೂರ್ತಿ ನಂಬಿಲ್ಲ ಅನ್ನಿಸುತ್ತೆ. ಹಾರ್ನ್ ಮಾತ್ರ ಹೊಡೀತಾರೆ ಈಗ, ನೀರು ಬಂತು ಅಂತ.

ಉಳಿದಿದ್ದು ಡಬ್ಬಿ. ಅದಕ್ಕೆ ಏನು ಹಾಕೋದು ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಕರ್ಚಿಕಾಯಿಗೆ ಕರ್ಚಿಕಾಯಿ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಕಾಣುತ್ತೆ. ಊರಿನ ಅಪ್ಪೆಮಿಡಿ ಉಪ್ಪಿನಕಾಯಿ ಸ್ಟೀಲ್ ಡಬ್ಬಿಗೆ ಆಗಲ್ಲ. ಕೊನೆಗೆ ಕಜ್ಜಾಯ ಅಂತ ತೀರ್ಮಾನ ಆಯಿತು. ಅಜ್ಜಿ ಮಾಡ್ತಿದ್ದದ್ದು. ಪಾಕದ ಹದ ಅಜ್ಜಿಯ ಬೆರಳಿಗೆ ಮಾತ್ರ ಗೊತ್ತಿತ್ತು. ಅಮ್ಮ ಫೋನಿನಲ್ಲಿ ನಿರ್ದೇಶನ ಕೊಟ್ಟರು, ನೀರಿಗೆ ಒಂದು ಹನಿ ಬಿಟ್ಟು ನೋಡು, ಉಂಡೆ ಆಗಬೇಕು, ಗಟ್ಟಿ ಆಗಬಾರದು. ಏನಾಯಿತೋ, ಮೊದಲ ನಾಲ್ಕು ಎಣ್ಣೆಗೆ ಬಿದ್ದ ತಕ್ಷಣ ಪುಡಿ ಪುಡಿಯಾಗಿ ತೇಲಿದವು. ಇನ್ನೊಂದಿಷ್ಟು ಅಕ್ಕಿ ಹಿಟ್ಟು ಬೆರೆಸಿದ ಮೇಲೆ ಹೇಗೋ ನಿಂತವು. ಚೆನ್ನಾಗಿ ಬಂದ ಹತ್ತು ಕಜ್ಜಾಯ ಮೇಲೆ ಇಟ್ಟು, ಸ್ವಲ್ಪ ಮುರಿದವು ಕೆಳಗೆ ಹಾಕಿ ಮುಚ್ಚಳ ಮುಚ್ಚಿದೆವು.

ಬಲಿಪಾಡ್ಯಮಿ ಸಂಜೆ, ಕಾಪಿಯ ಕೊನೆಯ ದಿನ, ಮೂವರೂ ಮೇಲೆ ಹೋದೆವು. ಆಂಟಿ ಮುಚ್ಚಳ ತೆಗೆದು ಒಂದು ಬಾಯಿಗೆ ಹಾಕಿಕೊಂಡರು. "ಪಾಕ ಏರೈತಿ. ಆದ್ರ ರುಚಿ ಐತಿ" ಅಂದರು. ಒಳಗೆ ಹೋದವರು ಕಜ್ಜಾಯ ತಟ್ಟೆಗೆ ಸುರುವಿ, ಅದೇ ಡಬ್ಬಿ ಒರೆಸಿ, ಶೇಂಗಾ ಉಂಡಿ ತುಂಬಿ ತಂದು ಮಗಳ ಕೈಗೆ ಕೊಟ್ಟರು.

"ಆಂಟಿ, ಇದು ನಿಮ್ದೇ ಡಬ್ಬಿ" ಅಂದಳು ಮಗಳು.

"ನಂದೆಲ್ಲೈತಿ ತಗೋ ಅದು" ಅಂದರು ಆಂಟಿ. ಅವರು ಬಾಗ್ಲಕೋಟ್ಯಾಗ ಬಾಡಿಗೆ ಮನೆಯಲ್ಲಿದ್ದಾಗ ಮೊದಲ ಬಾಣಂತನ. ಪಕ್ಕದ ಮನೆಯವರು ಅಂಟಿನುಂಡಿ ಮಾಡಿ ಈ ಡಬ್ಬಿಯಲ್ಲಿ ಕೊಟ್ಟಿದ್ದರಂತೆ. ಕೂಸು ಹಿಡಿದುಕೊಂಡು ಇವತ್ತು ಕೊಡೋಣ ನಾಳೆ ಕೊಡೋಣ ಅನ್ನೋ ಅಷ್ಟರಲ್ಲಿ ಅವರಿಗೆ ಟ್ರಾನ್ಸ್‌ಫರ್ ಆಗಿ, ಊರು ಬಿಟ್ಟು ಹೋದರಂತೆ. ಆಮೇಲೆ ಎಲ್ಲಿದ್ದಾರೋ ಗೊತ್ತಾಗಲಿಲ್ಲ. ಮುಚ್ಚಳದ ಮೇಲಿನ ಹೆಸರು ಅವರದು.

"ಇಪ್ಪತ್ತೈದು ವರ್ಷ ಆತು" ಅಂದರು. "ನೀವು ಹನ್ನೊಂದು ತಿಂಗಳಿಗೆ ನಾಚಿಕೊಂಡು ನಿಂತೀರಿ."

ಮಗಳು ಕೆಳಗಿಳಿಯೋ ಮುಂಚೆಯೇ ಮೆಟ್ಟಿಲ ಮೇಲೆ ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡಿದ್ದಳು.